ಗಡ್ಡೆ ಎಷ್ಟು ಉಳಿದಿದೆ?

ಮಿದುಳಿನ ಗಡ್ಡೆಯ ಆಪರೇಷನ್ ಮುಗಿಸಿ ಸರ್ಜನ್ ಹೊರಗೆ ಬಂದರೆ, ಬಾಗಿಲ ಬಳಿ ಕಾದು ನಿಂತವರು ಕೇಳುವ ಮೊದಲ ಮಾತು ‘ಎಲ್ಲಾ ತೆಗೆದ್ರಾ ಸರ್?’ ಎಂಬುದು. ರಾಯಚೂರು, ಸಿಂಧನೂರು ಕಡೆಯವರಾದರೆ ‘ಗಡ್ಡಿ ಪೂರ್ತಿ ತಗದ್ರೇನ್ರಿ?’ ಎನ್ನುತ್ತಾರೆ. ಜೀವದ ಆಸೆ ಹೊತ್ತು ನಿಂತವರು ಬೇರೇನು ಕೇಳಿಯಾರು? ಆದರೆ ಆ ಪ್ರಶ್ನೆಗೆ ‘ಹೌದು’ ಎನ್ನುವುದು ಎಷ್ಟು ಕಷ್ಟ, ಆ ‘ಹೌದು’ ನಿಜವಾಗಲು ಥಿಯೇಟರಿನ ಒಳಗೆ ಏನೇನು ನಡೆಯಬೇಕು ಎಂಬುದನ್ನು ಹೊರಗೆ ಕೂತವರಿಗೆ ಬಿಡಿಸಿ ಹೇಳುವವರು ಕಡಿಮೆ. ಅದನ್ನು ಹೇಳಲೆಂದೇ ಈ ಬರಹ.

ನನ್ನ ಊರು ವಳಕಮದಿನ್ನಿ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿ. ನರ್ಸಿಂಗ್ ಓದಿ ಮೊದಲು ಹೈದರಾಬಾದಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ನ್ಯೂರೋಸರ್ಜರಿ ಓಟಿಯ (ಆಪರೇಷನ್ ಥಿಯೇಟರಿನ) ಸ್ಕ್ರಬ್ ನರ್ಸ್ ಆದೆ. ಸರ್ಜನ್ ಕೈಗೆ ಉಪಕರಣ ಕೊಡುವುದು, ಕೊಟ್ಟದ್ದನ್ನು ಎಣಿಸಿ ವಾಪಸು ಪಡೆಯುವುದು ನನ್ನ ಕೆಲಸ. ತೆರೆದ ಮಿದುಳನ್ನು ದಿನವೂ ಕಾಣುವ ಕೆಲವೇ ಜನರಲ್ಲಿ ನಾವೂ ಇದ್ದೇವೆ. ಊರಿನಿಂದ, ಸುತ್ತಲ ಹಳ್ಳಿಗಳಿಂದ ಯಾರಿಗಾದರೂ ‘ತಲ್ಯಾಗ ಗಡ್ಡಿ’ ಎಂದು ಗೊತ್ತಾದರೆ ನನಗೆ ಫೋನ್ ಬರುತ್ತದೆ.

ಕಣ್ಣಿಗೆ ಬೇರೆಯಾಗಿ ಕಾಣದ ಗಡ್ಡೆ

ಮಿದುಳಿನ ಗಡ್ಡೆಗಳೆಲ್ಲ ಒಂದೇ ಬಗೆಯವಲ್ಲ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾಕ್ಕೆ ಸಾಮಾನ್ಯವಾಗಿ ಒಂದು ಅಂಚು ಇರುತ್ತದೆ. ಜಾಗ ಒಳ್ಳೆಯದಿದ್ದರೆ ಅದನ್ನು ಮಿದುಳಿನಿಂದ ಬಿಡಿಸಿ ತೆಗೆಯಬಹುದು. ಕಷ್ಟ ಕೊಡುವುದು ಗ್ಲಯೋಮಾ. ಅದು ಮಿದುಳಿನದೇ ಪೋಷಕ ಕೋಶಗಳಿಂದ ಹುಟ್ಟಿ, ಮಿದುಳಿನೊಳಗೇ ಹರಡುತ್ತದೆ. ನಡುವೆ ಗಟ್ಟಿ, ಬಣ್ಣ ಬೇರೆ, ರಕ್ತ ಹೆಚ್ಚು. ಅಂಚಿಗೆ ಹೋದಂತೆ ಮಿದುಳು ಎಲ್ಲಿ ಮುಗಿಯಿತು, ಗಡ್ಡೆ ಎಲ್ಲಿ ಶುರುವಾಯಿತು ಎಂಬುದು ಮೈಕ್ರೋಸ್ಕೋಪಿನಲ್ಲೂ ತಿಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ನಮ್ಮವರಿಗೆ ಇದನ್ನು ಹೀಗೆ ಹೇಳುತ್ತೇನೆ: ಗದ್ದೆಯಲ್ಲಿ ಭತ್ತದಂತೆಯೇ ಕಾಣುವ ಒಂದು ಕಳೆ ಇರುತ್ತದಲ್ಲ, ತೆನೆ ಬರುವ ತನಕ ಅನುಭವಸ್ಥರ ಕೈಗೂ ಅದು ಸಿಗುವುದಿಲ್ಲ, ಗ್ಲಯೋಮಾದ ಅಂಚು ಅಂಥದ್ದು.

ಹೊಟ್ಟೆಯಲ್ಲೋ ಎದೆಯಲ್ಲೋ ಗಡ್ಡೆ ಇದ್ದರೆ ಸುತ್ತಲ ಒಳ್ಳೆಯ ಭಾಗವನ್ನೂ ಒಂದಿಷ್ಟು ಸೇರಿಸಿ ತೆಗೆಯುತ್ತಾರೆ. ಮಿದುಳಿನಲ್ಲಿ ಆ ಅನುಕೂಲವಿಲ್ಲ. ಪಕ್ಕದ ಅರ್ಧ ಸೆಂಟಿಮೀಟರಿನಲ್ಲಿ ಮಾತು ಇರಬಹುದು, ಬಲಗೈ ಇರಬಹುದು, ಕಣ್ಣಿನ ಬೆಳಕು ಇರಬಹುದು. ಹೆಚ್ಚು ತೆಗೆದರೆ ಮನುಷ್ಯ ಕುಂದುತ್ತಾನೆ, ಕಡಿಮೆ ತೆಗೆದರೆ ಗಡ್ಡೆ ಮರಳುತ್ತದೆ. ಗ್ಲಯೋಮಾಗಳಲ್ಲೇ ಅತಿ ಕ್ರೂರವಾದ ಗ್ಲಯೋಬ್ಲಾಸ್ಟೋಮಾ ಮತ್ತೆ ಬೆಳೆಯುವುದು ಬಹುಪಾಲು ತೆಗೆದ ಜಾಗದ ಅಂಚಿನಿಂದ ಎರಡು ಸೆಂಟಿಮೀಟರಿನ ಒಳಗೇ. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು 416 ರೋಗಿಗಳ ದಾಖಲೆ ನೋಡಿ 2001ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಗಡ್ಡೆಯ ಶೇ 98 ಅಥವಾ ಅದಕ್ಕಿಂತ ಹೆಚ್ಚು ತೆಗೆದವರ ಮಧ್ಯಾಂಕ (ಮೀಡಿಯನ್) ಆಯುಸ್ಸು 13 ತಿಂಗಳು, ಅದಕ್ಕಿಂತ ಕಡಿಮೆ ತೆಗೆದವರದು 8.8 ತಿಂಗಳು. ನಾಲ್ಕು ತಿಂಗಳು ಎಂದರೆ ಕಡಿಮೆ ಅನ್ನಿಸಬಹುದು. ಆ ನಾಲ್ಕು ತಿಂಗಳಲ್ಲಿ ಮಗಳ ಮದುವೆ ನೋಡಿ ಹೋದವರನ್ನು ನಾನು ಬಲ್ಲೆ.

ಬೆಳಗಿನ ನಕ್ಷೆ ಮಧ್ಯಾಹ್ನಕ್ಕೆ ತಪ್ಪುತ್ತದೆ

1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಸರ್ಜನ್ ಒಬ್ಬ ಯುವಕನ ತಲೆ ತೆರೆದು ಗಡ್ಡೆ ತೆಗೆದ. ಆಗ ಎಕ್ಸ್‌ರೇ ಕೂಡ ಹುಟ್ಟಿರಲಿಲ್ಲ. ರೋಗಿಯ ಕೈಕಾಲಿನ ದೌರ್ಬಲ್ಯ, ಮೂರ್ಛೆ ಬರುವ ರೀತಿ ನೋಡಿಯೇ ಗಡ್ಡೆ ಇಂಥ ಕಡೆ ಇದೆ ಎಂದು ಹ್ಯೂಸ್ ಬೆನೆಟ್ ಎಂಬ ವೈದ್ಯ ತೋರಿಸಿದ್ದ. ಜಾಗ ಸರಿಯಾಗಿತ್ತು, ಗಡ್ಡೆ ಸಿಕ್ಕಿತು, ಆದರೆ ಸೋಂಕಿನಿಂದ ರೋಗಿ ತಿಂಗಳೊಳಗೆ ತೀರಿಕೊಂಡ. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನ ಕಂಡುಕೊಂಡ. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದ. 1971ರಲ್ಲಿ ಸಿಟಿ ಸ್ಕ್ಯಾನ್ ಬಂತು, 1980ರ ದಶಕದಲ್ಲಿ ಎಂಆರ್‌ಐ ಆಸ್ಪತ್ರೆಗಳಿಗೆ ಬಂತು.

ಇವೆಲ್ಲ ತಲೆ ತೆರೆಯುವುದಕ್ಕೆ ಮುಂಚಿನ ಚಿತ್ರಗಳು. ಈಗ ಅನೇಕ ಥಿಯೇಟರುಗಳಲ್ಲಿ ನ್ಯೂರೋನ್ಯಾವಿಗೇಷನ್ ಎಂಬ ವ್ಯವಸ್ಥೆ ಇದೆ. ಆಪರೇಷನ್‌ಗೆ ಮುಂಚೆ ತೆಗೆದ ಎಂಆರ್‌ಐಯನ್ನು ಕಂಪ್ಯೂಟರಿಗೆ ಹಾಕಿ, ರೋಗಿಯ ತಲೆಗೆ ಹೊಂದಿಸಿರುತ್ತಾರೆ. ಸರ್ಜನ್ ಕೈಯಲ್ಲಿನ ಸಲಾಕೆ ಮುಟ್ಟಿದ ಜಾಗ ಪರದೆಯ ಮೇಲಿನ ಚಿತ್ರದಲ್ಲಿ ಕಾಣುತ್ತದೆ. ಎಲ್ಲಿ ತೆರೆಯಬೇಕು, ಯಾವ ದಾರಿಯಲ್ಲಿ ಇಳಿಯಬೇಕು ಎಂಬುದಕ್ಕೆ ಇದು ಬಹಳ ಉಪಯೋಗಿ.

ಆದರೆ ತಲೆಬುರುಡೆಯ ತುಂಡು ತೆಗೆದು, ಡ್ಯೂರಾ ಎಂಬ ಪದರ ಬಿಡಿಸಿದ ಕೂಡಲೇ ಮಿದುಳಿನ ಸುತ್ತಲ ನೀರು ಹೊರಗೆ ಹರಿಯುತ್ತದೆ. ಬಾವು ಇಳಿಸಲು ಮ್ಯಾನಿಟಾಲ್ ಕೊಟ್ಟಿರುತ್ತೇವೆ, ಅದರಿಂದ ಮಿದುಳು ಕುಗ್ಗುತ್ತದೆ. ಗಡ್ಡೆ ತೆಗೆದಷ್ಟೂ ಖಾಲಿ ಜಾಗಕ್ಕೆ ಸುತ್ತಲಿನದು ಕುಸಿಯುತ್ತದೆ. ಓಟಿಯಲ್ಲಿ ಇದನ್ನು ‘ಬ್ರೈನ್ ಶಿಫ್ಟ್’ ಎನ್ನುತ್ತೇವೆ. ಒಮ್ಮೊಮ್ಮೆ ಒಂದು ಸೆಂಟಿಮೀಟರಿಗೂ ಮೀರಿ ಜರುಗುತ್ತದೆ. ಪರದೆಯ ಮೇಲೆ ಇನ್ನೂ ಬೆಳಗಿನ ಮಿದುಳೇ ಇರುತ್ತದೆ. ಕೊನೆಯ ಚೂರು ಹುಡುಕುವ ಹೊತ್ತಿಗೆ, ಅಂದರೆ ನಕ್ಷೆ ಅತಿ ಹೆಚ್ಚು ಬೇಕಾದಾಗ, ಅದರ ಮೇಲಿನ ಭರವಸೆ ಅತಿ ಕಡಿಮೆಯಾಗಿರುತ್ತದೆ. ಹಾಗಾಗಿ ತಲೆ ತೆರೆದಿರುವಾಗಲೇ ಹೊಸದಾಗಿ ನೋಡುವ ದಾರಿ ಬೇಕಾಯಿತು.

ಥಿಯೇಟರಿಗೆ ಬಂದ ಎಂಆರ್‌ಐ

ಆ ದಾರಿಯಲ್ಲಿ ಅತಿ ದೊಡ್ಡ ಹೆಜ್ಜೆ ಇಟ್ಟದ್ದು ಅಮೆರಿಕದ ಬಾಸ್ಟನ್ ನಗರದ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆ. ಹಂಗೇರಿ ಮೂಲದ ರೇಡಿಯಾಲಜಿಸ್ಟ್ ಫೆರೆಂಕ್ ಯೋಲೆಸ್ ಮತ್ತವರ ತಂಡ 1994ರಲ್ಲಿ ಅಲ್ಲಿ ಆಪರೇಷನ್‌ಗೆಂದೇ ರೂಪಿಸಿದ 0.5 ಟೆಸ್ಲಾ ಎಂಆರ್‌ಐ ಸ್ಥಾಪಿಸಿದರು. ಎರಡು ದೊಡ್ಡ ಕಾಂತಗಳು, ನಡುವಿನ ಸಂದಿಯಲ್ಲಿ ಸರ್ಜನ್ ನಿಂತು ಕೆಲಸ ಮಾಡಬೇಕು. ಮುಂದೆ ಕೆನಡಾದ ಕ್ಯಾಲ್ಗರಿಯಲ್ಲಿ ಗಾರ್ನೆಟ್ ಸದರ್‌ಲ್ಯಾಂಡ್ ತಂಡದವರು ಚಾವಣಿಯ ಹಳಿಯ ಮೇಲೆ ಕಾಂತವನ್ನೇ ರೋಗಿಯ ಬಳಿಗೆ ತರುವ ವ್ಯವಸ್ಥೆ ಮಾಡಿದರು. ನಮ್ಮ ದೇಶದಲ್ಲಿ ದೆಹಲಿಯ ಏಮ್ಸ್ ಸೇರಿ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಆಪರೇಷನ್ ನಡುವೆಯೇ ಎಂಆರ್‌ಐ ಮಾಡುವ ಸೌಲಭ್ಯ ಇದೆ.

ಹೈದರಾಬಾದಿನಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ಥಿಯೇಟರಿನ ಪಕ್ಕದ ಕೋಣೆಯಲ್ಲೇ ಈ ಯಂತ್ರ ಇತ್ತು. ಸರ್ಜನ್ ‘ಸಾಕು, ಒಂದು ಸ್ಕ್ಯಾನ್ ನೋಡೋಣ’ ಎಂದರೆ ನಮ್ಮ ಎದೆಬಡಿತ ಏರುತ್ತಿತ್ತು. 1.5 ಟೆಸ್ಲಾ ಕಾಂತ ಎಂದರೆ ಭೂಮಿಯ ಕಾಂತಶಕ್ತಿಯ ಸುಮಾರು ಮೂವತ್ತು ಸಾವಿರ ಪಟ್ಟು. ಒಂದು ಕತ್ತರಿ ಜೊತೆಗೆ ಹೋದರೂ ಅದು ಹಾರಿ ಹೋಗಿ ರೋಗಿಗೆ ಬಡಿಯುತ್ತದೆ. ಸೂಜಿ, ಕ್ಲಿಪ್, ಹತ್ತಿಯ ಪ್ಯಾಟಿ, ಪ್ರತಿ ಉಪಕರಣ ಎಣಿಸಿ ಬೋರ್ಡಿನ ಮೇಲೆ ಬರೆದ ಸಂಖ್ಯೆಗೆ ತಾಳೆ ನೋಡುತ್ತಿದ್ದೆವು. ಲೆಕ್ಕ ಸರಿಹೋಗುವ ತನಕ ಬಾಗಿಲು ತೆರೆಯುವಂತಿಲ್ಲ. ತೆರೆದ ತಲೆಯನ್ನು ಸ್ಟೆರೈಲ್ ಬಟ್ಟೆಯಿಂದ ಮುಚ್ಚಿ, ಉಸಿರಾಟದ ಕೊಳವೆ ಜರುಗದಂತೆ ಒಬ್ಬರು ಹಿಡಿದು, ಟೇಬಲ್ ಸಮೇತ ರೋಗಿಯನ್ನು ಒಳಗೆ ದಾಟಿಸಬೇಕು. ತಲೆ ಅಲುಗದಂತೆ ಹಿಡಿಯುವ ಕ್ಲಾಂಪ್, ಅರಿವಳಿಕೆ ಯಂತ್ರ, ಎಲ್ಲವೂ ಕಾಂತಕ್ಕೆ ಹೊಂದುವಂಥವೇ ಆಗಿರಬೇಕು. ನೆಲದ ಮೇಲೆ ಬಳಿದ ಗೆರೆಯನ್ನು ಕಿವಿಯೋಲೆ, ಪೆನ್ನು, ಫೋನು ಇಟ್ಟುಕೊಂಡು ಯಾರೂ ದಾಟುವಂತಿಲ್ಲ. ಹೋಗಿ, ಚಿತ್ರ ತೆಗೆದು, ವಾಪಸು ಬರುವಷ್ಟರಲ್ಲಿ ಒಂದು ಗಂಟೆ ಸರಿಯುತ್ತಿತ್ತು.

ಆ ಒಂದು ಗಂಟೆಯ ಬೆಲೆ ಪರದೆಯ ಮೇಲೆ ಕಾಣುತ್ತಿತ್ತು. ‘ಮುಗೀತು’ ಎಂದು ಸರ್ಜನ್ ನಂಬಿದ ಕಡೆ, ಮಡಿಕೆಯ ಹಿಂದೆ, ಕಾಳಿನಷ್ಟು ಬಿಳಿ ಚೂರು ಉಳಿದಿರುತ್ತಿತ್ತು. ಒಳ್ಳೆಯ ಕೈ, ವರ್ಷಗಟ್ಟಲೆ ಅನುಭವ ಇದ್ದ ಸರ್ಜನ್‌ಗಳಿಗೂ ಹೀಗಾಗುತ್ತಿತ್ತು. ಇದು ನನ್ನೊಬ್ಬಳ ಅನಿಸಿಕೆಯಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2011ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂತು. ನಡುವೆ ಎಂಆರ್‌ಐ ನೋಡಿ ಆಪರೇಷನ್ ಮಾಡಿದ 24 ಜನರಲ್ಲಿ 23 ಮಂದಿಗೆ ಕಾಣುವ ಗಡ್ಡೆಯೆಲ್ಲ ಹೋಗಿತ್ತು. ಎಂಆರ್‌ಐ ಇಲ್ಲದೆ ಮಾಡಿದ 25 ಜನರಲ್ಲಿ 17 ಮಂದಿಗೆ ಮಾತ್ರ. ಉಳಿದ 8 ಮಂದಿಯ ತಲೆಯಲ್ಲಿ ಗಡ್ಡೆ ಇನ್ನೂ ಇತ್ತು. ಆಪರೇಷನ್ ಆದ ಮೇಲೆ ನರಗಳ ಕೆಲಸ ಹೊಸದಾಗಿ ಕುಂದಿದವರ ಸಂಖ್ಯೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ತೂಗಿ ನೋಡಿದ 2018ರ ಕಾಕ್ರೇನ್ ವರದಿ, ಆಪರೇಷನ್ ನಡುವೆ ಚಿತ್ರ ನೋಡುವ ತಂತ್ರಗಳಿಂದ ಗಡ್ಡೆ ಹೆಚ್ಚು ತೆಗೆಯಲು ಸಾಧ್ಯವಾಗುವಂತೆ ಕಾಣುತ್ತದೆ, ಆದರೆ ಆಯುಸ್ಸು ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಸಾಲದು ಎಂದಿತು. ಯಂತ್ರ ಬಂದರೆ ರೋಗ ವಾಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೇಡಿಯೇಷನ್, ಕಿಮೋ ಆಮೇಲೂ ಬೇಕು.

ಬಣ್ಣ ಕೊಟ್ಟು ಹುಡುಕುವುದು

ಕೋಟಿಗಟ್ಟಲೆ ಹಣ, ಕಾಂತಕ್ಕೆ ತಕ್ಕ ಕಟ್ಟಡ ಬೇಡುವ ಯಂತ್ರ ಎಲ್ಲೆಡೆ ಇರಲಾರದು. ಇನ್ನೊಂದು ದಾರಿ ಬೆಳಕಿನದು. 5-ಎಎಲ್‌ಎ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ, ಅರಿವಳಿಕೆಗೆ ಸುಮಾರು ಮೂರು ಗಂಟೆ ಮುಂಚೆ ಕುಡಿಸುತ್ತೇವೆ. ರಕ್ತದ ಕೆಂಪಿಗೆ ಬೇಕಾದ ಹೀಮ್ ತಯಾರಿಸಲು ನಮ್ಮ ದೇಹವೇ ಬಳಸುವ ವಸ್ತು ಇದು. ಕೆಟ್ಟ ಗ್ಲಯೋಮಾದ ಕೋಶಗಳಲ್ಲಿ ಅದು ಪ್ರೋಟೋಪಾರ್ಫಿರಿನ್ ಎಂಬ ಹಂತದಲ್ಲೇ ಕೂಡಿಬಿಡುತ್ತದೆ. ಥಿಯೇಟರಿನ ದೀಪ ಆರಿಸಿ ಮೈಕ್ರೋಸ್ಕೋಪಿನ ನೀಲಿ ಬೆಳಕು ಹಾಕಿದರೆ ಗಡ್ಡೆ ಕೆಂಪಗೆ, ಅಂಚು ಗುಲಾಬಿಯಾಗಿ, ಒಳ್ಳೆಯ ಮಿದುಳು ನೀಲಿಯಾಗಿಯೇ ಕಾಣುತ್ತದೆ. ಜರ್ಮನಿಯ ವಾಲ್ಟರ್ ಸ್ಟಮ್ಮರ್ ಮುಂದಾಳತ್ವದ ಅಧ್ಯಯನ 2006ರಲ್ಲಿ ಇದರ ಫಲ ತೋರಿಸಿತು: ಈ ಬೆಳಕಿನಲ್ಲಿ ಮಾಡಿದವರಲ್ಲಿ ಶೇ 65 ಮಂದಿಗೆ ಕಾಣುವ ಗಡ್ಡೆ ಪೂರ್ತಿ ಹೋಯಿತು, ಸಾಮಾನ್ಯ ಬಿಳಿ ಬೆಳಕಿನಲ್ಲಿ ಶೇ 36 ಮಂದಿಗೆ. ಆರು ತಿಂಗಳಾದ ಮೇಲೂ ಗಡ್ಡೆ ಬೆಳೆಯದೆ ಇದ್ದವರು ಶೇ 41, ಇನ್ನೊಂದು ಗುಂಪಿನಲ್ಲಿ ಶೇ 21. ಈ ಔಷಧ ಕುಡಿದವರನ್ನು ಒಂದು ದಿನವಾದರೂ ಬಿಸಿಲು, ಜೋರು ಬೆಳಕಿನಿಂದ ದೂರ ಇಡಬೇಕು, ಇಲ್ಲವಾದರೆ ಚರ್ಮ ಸುಡುತ್ತದೆ. ವಾರ್ಡಿನ ಕಿಟಕಿಗೆ ಪರದೆ ಎಳೆದದ್ದು ಯಾಕೆಂದು ಮನೆಯವರಿಗೆ ಮೊದಲೇ ತಿಳಿಸುತ್ತೇವೆ.

5-ಎಎಲ್‌ಎ ದುಬಾರಿ. ಅದಕ್ಕಿಂತ ಎಷ್ಟೋ ಅಗ್ಗದ್ದು ಫ್ಲೋರೆಸೀನ್, ಕಣ್ಣಿನ ಆಸ್ಪತ್ರೆಗಳಲ್ಲಿ ರೆಟಿನಾ ನೋಡಲು ವರ್ಷಗಳಿಂದ ಬಳಸುತ್ತಿರುವ ಹಳದಿ ದ್ರಾವಣ. 1948ರಷ್ಟು ಹಿಂದೆಯೇ ಜಾರ್ಜ್ ಮೂರ್ ಎಂಬ ಅಮೆರಿಕದ ವೈದ್ಯ ಇದನ್ನು ಮಿದುಳಿನ ಗಡ್ಡೆಗೆ ಬಳಸಿ ನೋಡಿದ್ದ. ಮಿದುಳಿನ ರಕ್ತನಾಳಗಳಿಗೆ ಒಂದು ತಡೆ ಇದೆ, ಗಡ್ಡೆ ಇರುವಲ್ಲಿ ಅದು ಒಡೆದಿರುತ್ತದೆ. ರಕ್ತನಾಳಕ್ಕೆ ಕೊಟ್ಟ ಫ್ಲೋರೆಸೀನ್ ಅಲ್ಲಿ ಸೋರಿ, ಮೈಕ್ರೋಸ್ಕೋಪಿನ ವಿಶೇಷ ಫಿಲ್ಟರಿನಲ್ಲಿ ಹಳದಿ-ಹಸಿರಾಗಿ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಅನೇಕ ಕಡೆ ಇದೇ ಬಳಕೆ. ಬಣ್ಣ ಗಡ್ಡೆಯ ಕೋಶವನ್ನೇ ಹಿಡಿಯುವುದಿಲ್ಲ, ಬರೀ ಬಾವು ಇರುವ ಕಡೆಗೂ ಸೋರಬಹುದು, ಆದ್ದರಿಂದ ಸರ್ಜನ್ ವಿವೇಚನೆ ಹೆಚ್ಚು ಬೇಕು. ಮರುದಿನ ರೋಗಿಯ ಮೂತ್ರ, ಕೆಲವೊಮ್ಮೆ ಮೈ ಕೂಡ ಹಳದಿಯಾಗುತ್ತದೆ. ‘ಕಾಮಣಿ ಆಗೇತೇನ್ರಿ ಸಿಸ್ಟರ್?’ ಎಂದು ಗಾಬರಿಯಿಂದ ಕೇಳಿದವರಿಗೆ, ಔಷಧದ ಬಣ್ಣ, ತಾನೇ ಹೋಗುತ್ತದೆ ಎಂದು ಧೈರ್ಯ ಹೇಳುತ್ತೇನೆ.

ನಮ್ಮ ಕೈಗೆಟುಕುವ ಅಲ್ಟ್ರಾಸೌಂಡ್

ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿನ ತತ್ತ್ವವೇ ಇದು. ಬುರುಡೆಯ ಮೂಳೆ ಶಬ್ದದ ಅಲೆಯನ್ನು ತಡೆಯುವುದರಿಂದ ಹೊರಗಿನಿಂದ ದೊಡ್ಡವರ ಮಿದುಳಿನ ಒಳ್ಳೆಯ ಚಿತ್ರ ಸಿಗದು, ಮೂಳೆ ತೆಗೆದಿರುವಾಗ ಸಿಗುತ್ತದೆ. 1980ರ ದಶಕದಿಂದಲೇ ಸರ್ಜನ್‌ಗಳು ಇದನ್ನು ಬಳಸುತ್ತಿದ್ದಾರೆ. ಪ್ರೋಬಿಗೆ ಸ್ಟೆರೈಲ್ ಕವರು ಹಾಕುವುದು, ಒಳಗಿನ ಜೆಲ್‌ನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೋಡುವುದು, ಗಡ್ಡೆ ತೆಗೆದ ಗುಳಿಗೆ ಬೆಚ್ಚಗಿನ ಸಲೈನ್ ತುಂಬುವುದು ನಮ್ಮ ಪಾಲಿನ ಕೆಲಸ. ಗುಳ್ಳೆ ಇದ್ದರೆ, ರಕ್ತ ನಿಂತಿದ್ದರೆ, ರಕ್ತ ನಿಲ್ಲಿಸಲು ಇಟ್ಟ ಪದಾರ್ಥ ಒಳಗಿದ್ದರೆ ಅದೂ ಬೆಳ್ಳಗೆ ಕಂಡು, ಗಡ್ಡೆ ಉಳಿದಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಚೆನ್ನಾಗಿ ನೋಡುವುದನ್ನು ಕಲಿಯಲು ಕಾಲ ಬೇಕು. ಆದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಎಷ್ಟು ಸಲ ಬೇಕಾದರೂ ನೋಡಬಹುದು, ರೋಗಿಯನ್ನು ಎಲ್ಲಿಗೂ ಸಾಗಿಸಬೇಕಿಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ಡಾ. ಅಲಿಅಸ್ಗರ್ ಮೊಯಾದಿ ಮತ್ತು ಅವರ ಸಹೋದ್ಯೋಗಿಗಳು ನ್ಯಾವಿಗೇಷನ್‌ಗೆ ಜೋಡಿಸಿದ ಮೂರು ಆಯಾಮದ ಅಲ್ಟ್ರಾಸೌಂಡನ್ನು ಒಂದು ದಶಕಕ್ಕೂ ಮೀರಿ ಬಳಸಿ, ಅದರ ಅನುಭವವನ್ನು ಪ್ರಕಟಿಸುತ್ತ ಬಂದಿದ್ದಾರೆ. ತಲೆ ತೆರೆದ ಮೇಲೆ ತೆಗೆದ ಹೊಸ ಚಿತ್ರವೇ ನಕ್ಷೆಯಾಗುವುದರಿಂದ, ಜರುಗಿದ ಮಿದುಳಿನ ಜೊತೆ ನಕ್ಷೆಯೂ ಜರುಗುತ್ತದೆ. ಎಂಆರ್‌ಐಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಇಷ್ಟು ಸಾಧ್ಯ ಎಂಬುದನ್ನು ಬಡವರೇ ಹೆಚ್ಚು ಬರುವ ನಮ್ಮದೇ ದೇಶದ ಆಸ್ಪತ್ರೆಯೊಂದು ಮಾಡಿ ತೋರಿಸಿದೆ.

ಇನ್ನು ಮುಂದೆ ಬರುತ್ತಿರುವ ತಂತ್ರಕ್ಕೆ ಬೆಂಗಳೂರಿನ ನಂಟಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮ ಇವತ್ತು ಮಿದುಳಿನ ಆಪರೇಷನ್‌ಗೆ ಬಂದಿದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಇದ್ದರು. ಬೆಳಕು ಒಂದು ವಸ್ತುವಿಗೆ ಬಡಿದು ಚದುರುವಾಗ ಅದರ ಅತಿ ಸಣ್ಣ ಪಾಲು ಬಣ್ಣ ಬದಲಿಸುತ್ತದೆ, ಆ ಬದಲಾವಣೆ ವಸ್ತುವಿನ ಅಣುಗಳಿಗೆ ತಕ್ಕಂತೆ ಬೇರೆ ಬೇರೆ. ಒಳ್ಳೆಯ ಮಿದುಳಿನಲ್ಲಿ ಕೊಬ್ಬಿನ ಅಂಶ ಹೆಚ್ಚು, ಗಡ್ಡೆಯಲ್ಲಿ ಪ್ರೋಟೀನು, ಡಿಎನ್‌ಎ ಹೆಚ್ಚು, ಹಾಗಾಗಿ ಚದುರಿದ ಬೆಳಕು ಎರಡನ್ನೂ ಬೇರ್ಪಡಿಸುತ್ತದೆ. ಕೆನಡಾದ ಮಾಂಟ್ರಿಯಲ್‌ನ ತಂಡ 2015ರಲ್ಲಿ 17 ರೋಗಿಗಳಲ್ಲಿ ಪೆನ್ನಿನಂಥ ರಾಮನ್ ಪ್ರೋಬನ್ನು ತೆರೆದ ಮಿದುಳಿಗೆ ಮುಟ್ಟಿಸಿ, ಗಡ್ಡೆಯ ಕೋಶ ಇರುವ ಜಾಗಗಳನ್ನು ಶೇ 93ರಷ್ಟು ಸರಿಯಾಗಿ ಗುರುತಿಸಿತು. 2020ರಲ್ಲಿ ಅಮೆರಿಕದ ಸಂಶೋಧಕರು ರಾಮನ್ ಚಿತ್ರವನ್ನು ಕಂಪ್ಯೂಟರಿಗೆ ಓದಿಸಿ, ಎರಡೂವರೆ ನಿಮಿಷದೊಳಗೆ ಗಡ್ಡೆಯ ಬಗೆ ಹೇಳಿಸಿದರು. 278 ರೋಗಿಗಳಲ್ಲಿ ಅದರ ನಿಖರತೆ ಶೇ 94.6, ಪೆಥಾಲಜಿಸ್ಟರದು ಶೇ 93.9. 2024ರಲ್ಲಿ ಬಂದ ‘ಫಾಸ್ಟ್‌ಗ್ಲಯೋಮಾ’ ಎಂಬ ಇಂಥದೇ ವ್ಯವಸ್ಥೆ ಅಂಚಿನ ತುಣುಕಿನಲ್ಲಿ ಗಡ್ಡೆ ಉಳಿದಿದೆಯೇ ಎಂಬುದನ್ನು ಹತ್ತು ಸೆಕೆಂಡುಗಳಲ್ಲಿ ಹೇಳುತ್ತದೆ. ಬೆಂಗಳೂರಿನ ಮಕ್ಕಳು ಪಾಠದಲ್ಲಿ ಓದುವ ರಾಮನ್ ಪರಿಣಾಮ ನಮ್ಮ ಓಟಿಗಳಿಗೂ ಬೇಗ ಬರಲಿ ಎಂಬುದು ನನ್ನ ಹಂಬಲ.

ಇಲ್ಲದ ಚಿತ್ರದ ನೋವು

ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ, ಹೊಲದಲ್ಲಿ ಮೂರ್ಛೆ ಬಂದು ಬಿದ್ದ. ಮನೆಯವರು ಮೊದಲು ಗಾಳಿ ಸೋಕಿದೆ ಎಂದುಕೊಂಡು ತಾಯತ ಕಟ್ಟಿಸಿದರು. ಬಲಗೈಯಲ್ಲಿ ರೊಟ್ಟಿ ಮುರಿಯಲು ಆಗದಂತಾದಾಗ ಸಿಂಧನೂರಿಗೆ ಹೋದರು, ಸ್ಕ್ಯಾನಿನಲ್ಲಿ ಎಡಗಡೆ ಗಡ್ಡೆ ಕಂಡಿತು. ಯಾರೋ ತೋರಿಸಿದ ದವಾಖಾನೆಯಲ್ಲಿ ಸಾಲ ಮಾಡಿ ಆಪರೇಷನ್ ಮಾಡಿಸಿದರು. ‘ಎಲ್ಲಾ ತೆಗೆದಿದ್ದೇವೆ’ ಎಂದು ಅಲ್ಲಿ ಹೇಳಿದರಂತೆ. ಮುಂದಿನ ಮುಂಗಾರಿಗೆ ಮತ್ತೆ ಮೂರ್ಛೆ, ಮತ್ತೆ ಸ್ಕ್ಯಾನು, ಅದೇ ಜಾಗದಲ್ಲಿ ಗಡ್ಡೆ. ಆಗ ನನಗೆ ಫೋನ್ ಬಂತು.

‘ತಂಗಿ, ಎಲ್ಲಾ ತಗದೀವಿ ಅಂದಿದ್ರಲ್ಲ, ಮತ್ತ ಹ್ಯಾಂಗ ಬಂತವ್ವ?’ ಅತ್ತಿಗೆ ಅಳುತ್ತ ಕೇಳಿದಳು. ನಾನು ಹಳೆಯ ಕಾಗದವೆಲ್ಲ ತರಿಸಿ ನೋಡಿದೆ. ಆಪರೇಷನ್‌ಗೆ ಮುಂಚಿನ ಫಿಲ್ಮು ಇತ್ತು, ಬಿಲ್ಲು ಇತ್ತು, ಆಪರೇಷನ್ ಆದ ಮೇಲೆ ತೆಗೆದ ಎಂಆರ್‌ಐ ಇರಲಿಲ್ಲ. ಗಡ್ಡೆ ಅಂದೇ ಉಳಿದಿತ್ತೋ, ಪೂರ್ತಿ ಹೋಗಿ ಮತ್ತೆ ಹುಟ್ಟಿತೋ ಎಂದು ಹೇಳಬಲ್ಲ ಒಂದೇ ಸಾಕ್ಷಿ ಆ ಚಿತ್ರ. ಅದು ಇಲ್ಲದೆ ಅತ್ತಿಗೆಯ ಪ್ರಶ್ನೆಗೆ ಯಾರೂ ಉತ್ತರ ಕೊಡುವಂತಿರಲಿಲ್ಲ.

ಆಪರೇಷನ್ ಆದ 72 ಗಂಟೆಯೊಳಗೆ ಕಾಂಟ್ರಾಸ್ಟ್ ಹಾಕಿ ಎಂಆರ್‌ಐ ಮಾಡಬೇಕು ಎಂಬುದು ಇಂಥ ಗಡ್ಡೆಗಳಿಗೆ ಒಪ್ಪಿತ ಕ್ರಮ. ಆ ಅವಧಿ ಮೀರಿದರೆ ಗಾಯ ಮಾಯುವಾಗಿನ ಬದಲಾವಣೆಗಳೂ ಬೆಳ್ಳಗೆ ಕಂಡು, ಉಳಿದ ಗಡ್ಡೆ ಯಾವುದು, ಗಾಯ ಯಾವುದು ಎಂದು ಗೊಂದಲ ಶುರುವಾಗುತ್ತದೆ. ಥಿಯೇಟರಿನೊಳಗೆ ದೊಡ್ಡ ಯಂತ್ರ ಇಲ್ಲದ ಆಸ್ಪತ್ರೆಯೂ ಇಷ್ಟನ್ನು ಮಾಡಬಹುದು, ಮಾಡಲೇಬೇಕು.

ಎರಡನೆಯ ಆಪರೇಷನ್ ನಮ್ಮಲ್ಲೇ ಆಯಿತು. ಮನೆಯವನಾದ್ದರಿಂದ ನಾನು ಸ್ಕ್ರಬ್ ಆಗಲಿಲ್ಲ, ಹೊರಗೆ ಅತ್ತಿಗೆಯ ಪಕ್ಕ ಕೂತೆ. ಅಲ್ಟ್ರಾಸೌಂಡ್ ನೋಡಿ ನೋಡಿ ತೆಗೆದ ಸರ್ಜನ್ ಹೊರಬಂದು ಹೇಳಿದರು: ‘ನೋಡಮ್ಮ, ಮಾತಿನ ಜಾಗದ ಪಕ್ಕ ಸ್ವಲ್ಪ ಬಿಟ್ಟಿದ್ದೇನೆ. ಕಾಣದೆ ಉಳಿದದ್ದಲ್ಲ, ಕಂಡೇ ಬಿಟ್ಟಿದ್ದೇನೆ. ಅದನ್ನೂ ತೆಗೆದಿದ್ದರೆ ಇವರ ಮಾತು ಹೋಗುತ್ತಿತ್ತು. ಉಳಿದದ್ದಕ್ಕೆ ರೇಡಿಯೇಷನ್ ಕೊಡೋಣ.’ ಅತ್ತಿಗೆ ತಲೆಯಾಡಿಸಿದಳು. ‘ಎಲ್ಲಾ ಹೋಗೇತಿ’ ಎಂಬ ಮಾತಿಗಿಂತ ಈ ಮಾತು ಅವಳಿಗೆ ಹೆಚ್ಚು ಧೈರ್ಯ ಕೊಟ್ಟಿತು, ಯಾಕೆಂದರೆ ಮುಂದೆ ಏನು ಮಾಡಬೇಕೆಂಬುದು ಅದರಲ್ಲಿತ್ತು. ಅಣ್ಣ ಆಮೇಲೆ ಎರಡು ಸುಗ್ಗಿ ನೋಡಿದ. ಕೊನೆಯ ತಿಂಗಳವರೆಗೂ ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ.

ನಮ್ಮ ಜಿಲ್ಲೆಗೆ ಏನು ಬೇಕು

ವಳಕಮದಿನ್ನಿಯಿಂದ ಬೆಂಗಳೂರು ಸುಮಾರು ನಾನೂರು ಕಿಲೋಮೀಟರ್. ಮೂರ್ಛೆ ಬೀಳುವ ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ನಿಮ್ಹಾನ್ಸ್ ಬಾಗಿಲಿಗೆ ಬಂದು ನಿಲ್ಲುವ ನಮ್ಮವರನ್ನು ನೋಡಿದ್ದೇನೆ. 1974ರಲ್ಲಿ ನ್ಯೂರೋಸರ್ಜನ್ ಡಾ. ಆರ್.ಎಂ. ವರ್ಮಾ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಆ ಸಂಸ್ಥೆ ಇಡೀ ರಾಜ್ಯದ ಬಡವರ ಭಾರ ಹೊತ್ತಿದೆ. ಒಂದೇ ಸಂಸ್ಥೆ ಎಷ್ಟು ಹೊರಬಲ್ಲದು? ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಜನ ಧರಣಿ ಕೂತರು, ಅದು ಸಾವಿರ ದಿನ ದಾಟಿತು. ಆ ಟೆಂಟಿನಲ್ಲಿ ಕೂತವರು ಕೇಳುತ್ತಿರುವುದರಲ್ಲಿ ಇಂಥ ಆಪರೇಷನ್‌ಗಳೂ ಸೇರಿವೆ. ವಿಶೇಷ ಸ್ಥಾನಮಾನದ 371(ಜೆ) ಕಲಂ ಬಂದು ದಶಕ ಮೀರಿದ ಕಲ್ಯಾಣ ಕರ್ನಾಟಕಕ್ಕೆ ಈ ಬೇಡಿಕೆ ದೊಡ್ಡದೇನಲ್ಲ.

ಏಮ್ಸ್ ಬರುವ ತನಕವೂ ಕಾಯಬೇಕಿಲ್ಲ. ಓಪೆಕ್ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ರಿಮ್ಸ್ ಮೆಡಿಕಲ್ ಕಾಲೇಜು ರಾಯಚೂರಿನಲ್ಲಿವೆ. ಪೂರ್ಣಾವಧಿ ನ್ಯೂರೋಸರ್ಜನ್‌ಗಳು, ಫಿಲ್ಟರ್ ಇರುವ ಒಂದು ಮೈಕ್ರೋಸ್ಕೋಪು, ಅಲ್ಟ್ರಾಸೌಂಡಿನ ಒಂದು ಸರಿಯಾದ ಪ್ರೋಬು, ಅದನ್ನು ಓದಲು ಕಲಿತ ಕೈಗಳು, ತಪ್ಪದೆ ಮೂರು ದಿನದೊಳಗೆ ಒಂದು ಎಂಆರ್‌ಐ, ಇಷ್ಟು ಜಿಲ್ಲಾ ಕೇಂದ್ರದಲ್ಲಿ ಖಾಯಂ ಆಗಿ ಇದ್ದರೆ ನಮ್ಮ ಎಷ್ಟೋ ಮನೆಗಳು ಸಾಲದಿಂದ, ಅಲೆದಾಟದಿಂದ ಉಳಿಯುತ್ತವೆ. ಬಡ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನು ಇವತ್ತೇ ಮಾಡಿಸಿಟ್ಟುಕೊಳ್ಳಿ, ರೋಗ ಬಂದ ಮೇಲೆ ಓಡಾಡುವುದು ಕಷ್ಟ.

ಕೊನೆಯದಾಗಿ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ದೊಡ್ಡವರಿಗೆ ಹೊಸದಾಗಿ ಮೂರ್ಛೆ ಬಂದರೆ, ಬೆಳಗಿನ ತಲೆನೋವು ವಾಂತಿಯ ಜೊತೆ ದಿನದಿನಕ್ಕೆ ಹೆಚ್ಚಿದರೆ, ಒಂದು ಕೈಯೋ ಮಾತೋ ನಿಧಾನವಾಗಿ ಸೋತರೆ, ತಾಯತಕ್ಕೆ ಕಾಯದೆ ಸ್ಕ್ಯಾನ್ ಮಾಡಿಸಿ. ಆಪರೇಷನ್ ನಿಶ್ಚಯವಾದರೆ ಸರ್ಜನ್ ಬಳಿ ಮೂರು ಪ್ರಶ್ನೆ ಕೇಳಿ: ಉಳಿದ ಗಡ್ಡೆಯನ್ನು ಒಳಗೆ ಹೇಗೆ ನೋಡುತ್ತೀರಿ? ಎಷ್ಟು ಬಿಡಬೇಕಾಗಬಹುದು, ಯಾಕೆ? ಮೂರು ದಿನದೊಳಗೆ ಎಂಆರ್‌ಐ ಆಗುತ್ತದೆಯೇ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಆ ಎಂಆರ್‌ಐ ಫಿಲ್ಮು, ವರದಿ ಕೈಗೆ ಬಾರದೆ ಡಿಸ್ಚಾರ್ಜ್ ಆಗಬೇಡಿ. ಅದನ್ನು ಕೇಳುವುದು ನಿಮ್ಮ ಹಕ್ಕು.